ಖಾಲಿ ಜಾಗಕ್ಕೆ ಹುಡುಕಿದ ಆಟಗಾರರು

ಜೂನ್ ತಿಂಗಳು ಬಂತೆಂದರೆ ನಮ್ಮ ಹಿತ್ತಿಲಿನ ಮರದ ಬೇಲಿಯ ಆಚೆಯಿಂದ ಒಂದು ಪ್ರಶ್ನೆ ಬರುತ್ತದೆ. ಪಕ್ಕದ ಮನೆಯ ಹಿರಿಯರು ಗುಲಾಬಿ ಗಿಡದಲ್ಲಿ ಒಣಗಿದ ಹೂಗಳನ್ನು ಕತ್ತರಿಸುತ್ತಾ, ತಲೆ ಎತ್ತದೆ, “ಏನು, ಈ ವರ್ಷವಾದರೂ ಒಪ್ಪುತ್ತೀಯಾ?” ಎನ್ನುತ್ತಾರೆ. ನಾನು “ಇಲ್ಲ” ಎನ್ನುತ್ತೇನೆ. ಅವರು ಕತ್ತರಿಯನ್ನು ಬೇಲಿಯ ಮೇಲಿಟ್ಟು ಕೈಗವಸು ಕಳಚುತ್ತಾರೆ. ಇನ್ನು ಕತ್ತಲಾಗುವವರೆಗೆ ನಾನು ಒಳಗೆ ಬರುವುದಿಲ್ಲ ಎಂದು ನನ್ನ ಹೆಂಡತಿಗೆ ಗೊತ್ತಾಗುತ್ತದೆ.

ನಾವಿರುವುದು ಅಮೆರಿಕದ ಆರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿ, ಪೋರ್ಟ್‌ಲೆಂಡ್ ನಗರಕ್ಕೆ ಅಂಟಿಕೊಂಡ ಊರು. ಹಿರಿಯರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಈ ಊರಿನ ಬೀದಿ ಬೀದಿಯನ್ನೂ ನಡೆದು ಬಲ್ಲವರು. ನಾನು 2007ರ ಆರಂಭದಲ್ಲಿ ಕೆಲಸಕ್ಕೆಂದು ಬಂದವನು. ನಮ್ಮಿಬ್ಬರಿಗೂ ಸಮನಾದ ಒಂದು ಹುಚ್ಚೆಂದರೆ ಪೋರ್ಟ್‌ಲೆಂಡ್ ಟ್ರೈಲ್ ಬ್ಲೇಜರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡ. ನಾವು ವರ್ಷಗಟ್ಟಲೆ ವಾದಿಸುತ್ತಾ ಬಂದಿರುವ ಪ್ರಶ್ನೆ ಒಂದೇ: ಈ ತಂಡ ಡ್ರಾಫ್ಟಿನಲ್ಲಿ ಮಾಡಿದ ಅತಿ ಕೆಟ್ಟ ಆಯ್ಕೆ ಯಾವುದು?

ಡ್ರಾಫ್ಟ್ ಎಂದರೆ ಎನ್‌ಬಿಎ ಎಂಬ ಇಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗಿನ ತಂಡಗಳು ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ. ಐಪಿಎಲ್ ಹರಾಜನ್ನು ನೋಡಿದವರಿಗೆ ಅದು ಸ್ವಲ್ಪ ವಿಚಿತ್ರವೆನಿಸಬಹುದು. ಇಲ್ಲಿ ಹಣ ಕೂಗುವುದಿಲ್ಲ, ಸರದಿ ಕಾಯುತ್ತಾರೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿಗಳು, ಗೆದ್ದವರಿಗೆ ಕೊನೆಯವು. ಸೋತವನ ಕೈಗೆ ಊರಿನ ಅತ್ಯುತ್ತಮ ಎತ್ತನ್ನು ಕೊಟ್ಟು “ಉಳು” ಎಂದ ಹಾಗೆ. ಸರದಿಗಳನ್ನು ತಂಡಗಳು ತಮ್ಮ ನಡುವೆ ಅದಲುಬದಲು ಮಾಡಿಕೊಳ್ಳಲೂಬಹುದು. ಹೀಗಾಗಿ ತಪ್ಪಿದರೆ ಹಣದ ಕೊರತೆ ಎಂಬ ನೆಪವಿಲ್ಲ. ಆ ಹುಡುಗ ಎದುರಿಗೇ ಇದ್ದ, ನೀವು ಇನ್ನೊಬ್ಬನ ಹೆಸರು ಹೇಳಿದಿರಿ, ಅಷ್ಟೆ.

ಪೋರ್ಟ್‌ಲೆಂಡ್ ಇನ್ನೊಬ್ಬನ ಹೆಸರು ಹೇಳಿದ್ದರಲ್ಲಿ ಮೂರು ಸಂದರ್ಭಗಳು ಅಮೆರಿಕದ ತುಂಬಾ ಕುಖ್ಯಾತವಾಗಿವೆ. 1972ರಲ್ಲಿ ಮೊದಲ ಸರದಿಯಲ್ಲಿ ಲಾರೂ ಮಾರ್ಟಿನ್. ಅವರ ಹಿಂದೆಯೇ ಎರಡನೆಯವರಾಗಿ ಹೋದವರು ಬಾಬ್ ಮ್ಯಾಕಡೂ. 1984ರಲ್ಲಿ ಎರಡನೇ ಸರದಿಯಲ್ಲಿ ಸ್ಯಾಮ್ ಬೂಯಿ. ಮೂರನೆಯವರಾಗಿ ಶಿಕಾಗೋಗೆ ಹೋದವರು ಮೈಕೆಲ್ ಜೋರ್ಡನ್. 2007ರಲ್ಲಿ ಮೊದಲ ಸರದಿಯಲ್ಲಿ ಗ್ರೆಗ್ ಓಡನ್. ಎರಡನೆಯವರು ಕೆವಿನ್ ಡ್ಯುರಾಂಟ್. ಮೂರು ಸಲವೂ ಆರಿಸಿದ್ದು ಸೆಂಟರ್ ಆಟಗಾರನನ್ನು, ಅಂದರೆ ಬುಟ್ಟಿಯ ಬಳಿ ನಿಂತು ಆಡುವ ಎತ್ತರದವನನ್ನು, ಮೂರು ಸಲವೂ ಬೆನ್ನಿಗೇ ಹೋದವನು ಮುಂದೆ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ. ಒಂದೇ ತಂಡದ ಹಣೆಯಲ್ಲಿ ಇದನ್ನು ಮೂರು ಬಾರಿ ಬರೆದದ್ದು ಯಾರೋ ಎಂದು ಹಿರಿಯರು ಆಗಾಗ ಕೇಳುತ್ತಾರೆ.

ಮಾರ್ಟಿನ್ ವಿಷಯದಲ್ಲಿ ನಮ್ಮಿಬ್ಬರಿಗೆ ಹೆಚ್ಚು ಜಗಳವಿಲ್ಲ. ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಪರ ಆಡುತ್ತಿದ್ದ ಅವರು ಆಗಿನ ಕಾಲೇಜು ಬ್ಯಾಸ್ಕೆಟ್‌ಬಾಲಿನ ದೈತ್ಯ ಬಿಲ್ ವಾಲ್ಟನ್ ಎದುರು ಒಂದು ಪಂದ್ಯದಲ್ಲಿ ಬಹಳ ಚೆನ್ನಾಗಿ ಆಡಿದ್ದರು. ಆ ಒಂದು ರಾತ್ರಿಯ ಬೆಳಕಿನಲ್ಲಿ ತಂಡ ಅವರನ್ನು ನೋಡಿತು. ಮ್ಯಾಕಡೂ ಅವರನ್ನೇ ತರುವ ಮನಸ್ಸಿತ್ತು, ಒಪ್ಪಂದದ ಮಾತು ಕುದುರಲಿಲ್ಲ ಎಂಬುದೂ ಇದೆ. ಮಾರ್ಟಿನ್ ನಾಲ್ಕು ವರ್ಷ ಆಡಿದರು, ಪಂದ್ಯಕ್ಕೆ ಸರಾಸರಿ ಐದು ಅಂಕದ ಆಸುಪಾಸು. ಆಮೇಲೆ ಯುಪಿಎಸ್ ಪಾರ್ಸೆಲ್ ಸಂಸ್ಥೆ ಸೇರಿ, ಅಲ್ಲಿ ದಶಕಗಳ ಕಾಲ ದುಡಿದು ಮೇಲಿನ ಹುದ್ದೆಗಳಿಗೆ ಏರಿದರು. ಮನೆ ಮನೆಗೆ ಟಪಾಲು ಹಂಚಿದ ಹಿರಿಯರಿಗೆ ಈ ಕಾರಣಕ್ಕೇ ಅವರ ಮೇಲೆ ವಿಶೇಷ ಅಕ್ಕರೆ. “ಆ ಮನುಷ್ಯನ ಬಗ್ಗೆ ಕೆಟ್ಟ ಮಾತು ಬೇಡ” ಎಂದು ಆ ಕಥೆಯನ್ನು ಅಲ್ಲಿಗೇ ಮುಗಿಸುತ್ತಾರೆ.

ಜಗಳ ಶುರುವಾಗುವುದು 1984ರಿಂದ.

ಆ ವರ್ಷ ಪೋರ್ಟ್‌ಲೆಂಡ್ ಸೋತ ತಂಡವೇ ಆಗಿರಲಿಲ್ಲ ಎಂಬುದು ಬಹಳ ಜನರಿಗೆ ಮರೆತುಹೋಗಿದೆ. 82 ಪಂದ್ಯಗಳಲ್ಲಿ 48 ಗೆದ್ದಿತ್ತು. ಎರಡನೇ ಸರದಿ ಅದಕ್ಕೆ ದಕ್ಕಿದ್ದು ಹಳೆಯ ಒಂದು ವ್ಯವಹಾರದಿಂದ: 1981ರಲ್ಲಿ ಟಾಮ್ ಓವೆನ್ಸ್ ಎಂಬ ಆಟಗಾರನನ್ನು ಇಂಡಿಯಾನಾ ತಂಡಕ್ಕೆ ಕೊಟ್ಟು, ಬದಲಿಗೆ ಅವರ ಮುಂದಿನ ಒಂದು ಸರದಿಯನ್ನು ಪಡೆದಿತ್ತು. ಇಂಡಿಯಾನಾ ಅಷ್ಟರಲ್ಲಿ ಪಾತಾಳ ಸೇರಿತ್ತು. ಆಗಿನ ಪದ್ಧತಿಯಂತೆ ಮೊದಲ ಸರದಿ ಯಾರಿಗೆ ಎಂಬುದಕ್ಕೆ ನಾಣ್ಯ ಚಿಮ್ಮಿದರು. ನಾಣ್ಯ ಹ್ಯೂಸ್ಟನ್ ಪರವಾಗಿ ಬಿತ್ತು. ಅವರು ಹಕೀಮ್ ಒಲಾಜುವಾನ್ ಅವರನ್ನು ಆರಿಸಿದರು. ಅದೇ ನಾಣ್ಯ ಮಗುಚಿ ಬಿದ್ದಿದ್ದರೆ ಒಲಾಜುವಾನ್ ಪೋರ್ಟ್‌ಲೆಂಡಿಗೆ ಬರುತ್ತಿದ್ದರು, ನಮ್ಮ ಬೇಲಿಯ ಬಳಿ ಮಾತಿಗೆ ಬೇರೆ ವಿಷಯ ಹುಡುಕಬೇಕಾಗುತ್ತಿತ್ತು.

ಹಿರಿಯರು ಬೂಯಿ ಪರ ವಕಾಲತ್ತು ವಹಿಸುತ್ತಾರೆ. ಅವರ ವಾದವನ್ನು ನಾನು ಹಗುರವಾಗಿ ಹೇಳಬಾರದು, ಏಕೆಂದರೆ ಅದರಲ್ಲಿ ತೂಕವಿದೆ. 1977ರಲ್ಲಿ ಪೋರ್ಟ್‌ಲೆಂಡ್ ತನ್ನ ಒಂದೇ ಒಂದು ಚಾಂಪಿಯನ್ ಪಟ್ಟ ಗೆದ್ದಾಗ ಅವರಿಗೆ 19 ವರ್ಷ. ಮೆರವಣಿಗೆಯಲ್ಲಿ ಯಾರದೋ ಕಾರಿನ ಬಾನೆಟ್ ಹತ್ತಿ ನಿಂತು ಬಿಲ್ ವಾಲ್ಟನ್ ಅವರ ಕೆಂಗೂದಲನ್ನು ದೂರದಿಂದ ಕಂಡವರು. ಆ ಗೆಲುವನ್ನು ಕಟ್ಟಿದ್ದು ಸೆಂಟರ್ ಜಾಗದಲ್ಲಿ ನಿಂತ ವಾಲ್ಟನ್. ಮರುವರ್ಷವೇ ಅವರ ಪಾದದ ಮೂಳೆ ಕೈಕೊಟ್ಟಿತು. 1979ರಲ್ಲಿ ತಂಡವನ್ನೇ ಬಿಟ್ಟುಹೋದರು. ಅಂದಿನಿಂದ ಈ ಊರು ಇನ್ನೊಬ್ಬ ವಾಲ್ಟನ್‌ಗಾಗಿ ಬಾಗಿಲಲ್ಲೇ ದೀಪ ಹಚ್ಚಿಟ್ಟು ಕಾಯುತ್ತಿತ್ತು. ಇತ್ತ ಜೋರ್ಡನ್ ಆಡುವ ಗಾರ್ಡ್ ಜಾಗದಲ್ಲಿ, ಅಂದರೆ ಬುಟ್ಟಿಯಿಂದ ದೂರದಲ್ಲಿ ಚೆಂಡು ಆಡಿಸುವ ಜಾಗದಲ್ಲಿ, ಜಿಮ್ ಪ್ಯಾಕ್ಸನ್ ಇದ್ದರು, ಎರಡು ವರ್ಷ ಆಲ್‌ಸ್ಟಾರ್ ಆದವರು, ಅಂದರೆ ಲೀಗಿನ ಆಯ್ದ ಆಟಗಾರರ ಪಂದ್ಯಕ್ಕೆ ಆರಿಸಲ್ಪಟ್ಟವರು. ಅವರ ಹಿಂದೆ 1983ರಲ್ಲಷ್ಟೇ ಆರಿಸಿದ್ದ ಕ್ಲೈಡ್ ಡ್ರೆಕ್ಸ್ಲರ್. “ಮನೆಯಲ್ಲಿ ಎರಡು ನೇಗಿಲಿದೆ, ಎತ್ತಿಲ್ಲ. ಮೂರನೇ ನೇಗಿಲು ತರುತ್ತಿದ್ದೆಯಾ?” ಇದು ಅವರ ಇಂಗ್ಲಿಷ್ ಮಾತಿಗೆ ನಾನು ಕೊಟ್ಟ ಕನ್ನಡ, ಅರ್ಥ ಮಾತ್ರ ಅವರದೇ.

ನಾನು ಒಪ್ಪುವುದಿಲ್ಲ. ಜೋರ್ಡನ್ ಮುಂದೆ ಜೋರ್ಡನ್ ಆದರು ಎಂಬುದು ನನ್ನ ಕಾರಣವಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಆ ಬುದ್ಧಿಯಿಂದ ಯಾರನ್ನೂ ಅಳೆಯಬಾರದು. ಆರು ಪಟ್ಟ, ಹತ್ತು ಸಲ ಲೀಗಿನಲ್ಲೇ ಅತಿ ಹೆಚ್ಚು ಅಂಕ, ಇವೆಲ್ಲ ಆ ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಶಿಕಾಗೋದ ಅಂದಿನ ಮುಖ್ಯಸ್ಥ ರಾಡ್ ಥಾರ್ನ್ ಕೂಡ ಡ್ರಾಫ್ಟ್ ಮುಗಿದ ಮೇಲೆ, ಈ ಹುಡುಗ ಏಳಡಿ ಎತ್ತರ ಇದ್ದಿದ್ದರೆ ಚೆನ್ನಾಗಿತ್ತು, ಏನು ಮಾಡುವುದು, ಸೆಂಟರ್ ಸಿಗಲಿಲ್ಲ ಎಂಬ ಧಾಟಿಯಲ್ಲೇ ಮಾತನಾಡಿದ್ದರು. ಜೋರ್ಡನ್ ಸಿಕ್ಕವರಿಗೇ ಜೋರ್ಡನ್ ಕಾಣಲಿಲ್ಲ.

ಹಾಗಾದರೆ 1984ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ಕುಳಿತವರ ಕಣ್ಣಿಗೆ ಏನು ಕಾಣುತ್ತಿತ್ತು? ಕೆಂಟಕಿ ವಿಶ್ವವಿದ್ಯಾಲಯದ ಸ್ಯಾಮ್ ಬೂಯಿ ಎಡಗಾಲಿನ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಿಟ್ಟು ಪೂರ್ತಿ ಎರಡು ಋತು ಅಂಗಳಕ್ಕಿಳಿದಿರಲಿಲ್ಲ. ಮರಳಿ ಬಂದ ವರ್ಷ ಪಂದ್ಯಕ್ಕೆ 10.5 ಅಂಕ. ಇನ್ನೊಂದು ಕಡೆ, ಅದೇ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎಂಬ ಬಿರುದು ಪಡೆದಿದ್ದ, ಪಂದ್ಯಕ್ಕೆ 19.6 ಅಂಕದ, ಕಾಲಿನ ಮೂಳೆಯಲ್ಲಿ ಅಂಥ ಬಿರುಕಿಲ್ಲದ ಹುಡುಗ. ಒಲಿಂಪಿಕ್ ತಂಡಕ್ಕೆ ಅವನನ್ನು ತರಬೇತು ಮಾಡುತ್ತಿದ್ದ ಬಾಬ್ ನೈಟ್, ಪೋರ್ಟ್‌ಲೆಂಡಿನಲ್ಲಿ ಆಟಗಾರರನ್ನು ಆರಿಸುವ ಹೊಣೆ ಹೊತ್ತಿದ್ದ ಸ್ಟೂ ಇನ್ಮನ್ ಅವರಿಗೆ ಜೋರ್ಡನ್‌ನನ್ನೇ ತೆಗೆದುಕೊಳ್ಳಿ ಎಂದು ಹೇಳಿದರಂತೆ. ನಮಗೆ ಬೇಕಿರುವುದು ಸೆಂಟರ್ ಎಂದು ಇನ್ಮನ್ ಹೇಳಿದಾಗ, ಹಾಗಾದರೆ ಅವನನ್ನೇ ಸೆಂಟರ್ ಆಗಿ ಆಡಿಸಿ ಎಂದರಂತೆ. ಈ ಮಾತುಕತೆ ಇಲ್ಲಿ ಜನಪದ ಕಥೆಯ ಹಾಗೆ ಬಾಯಿಂದ ಬಾಯಿಗೆ ಹರಿದಿದೆ.

ಬೂಯಿ ಅವರ ವೈದ್ಯಕೀಯ ತಪಾಸಣೆ ಏಳು ಗಂಟೆ ನಡೆಯಿತು. ಏಳು ಗಂಟೆ! ವೈದ್ಯರು ಪುಟ್ಟ ಸುತ್ತಿಗೆಯಿಂದ ಕಾಲಿನ ಮೂಳೆಯ ಮೇಲೆ ತಟ್ಟುತ್ತಾ ನೋವಾಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದರು ಬೂಯಿ. ಒಳಗೆ ನೋಯುತ್ತಿತ್ತು ಎಂದು ಅವರೇ 2012ರಲ್ಲಿ ಕ್ಯಾಮೆರಾ ಎದುರು ಹೇಳಿಕೊಂಡರು. ಮನೆಯವರಿಗೆ ಆಸರೆ ಬೇಕಿದ್ದಾಗ ಯಾರಾದರೂ ಹಾಗೇ ಮಾಡುತ್ತಿದ್ದರು ಎಂಬ ಅರ್ಥದ ಮಾತನ್ನೂ ಸೇರಿಸಿದರು. ಆ ಸುದ್ದಿ ಬಂದಾಗ ಈ ಊರಿನಲ್ಲಿ ಹಲವರು ಅವರನ್ನು ಸುಳ್ಳುಗಾರ ಎಂದು ಬೈದರು. ನನಗೆ ಬೈಯಲು ಮನಸ್ಸು ಬರಲಿಲ್ಲ. 23ರ ಹರೆಯದವನು, ಎರಡು ವರ್ಷ ಪ್ಲಾಸ್ಟರಿನಲ್ಲೂ ಊರುಗೋಲಿನಲ್ಲೂ ಕಳೆದವನು, ಬದುಕಿನ ಬಾಗಿಲು ಅಷ್ಟು ಹತ್ತಿರದಲ್ಲಿ ತೆರೆದಿರುವಾಗ ನೋವಿದೆ ಎಂದು ಹೇಳಿಯಾನೇ? ಅದು ತಟ್ಟಿದವರು ತಿಳಿದುಕೊಳ್ಳಬೇಕಾಗಿದ್ದ ಮಾತು. ಎರಡು ಋತು ಕಳೆದ ಕಾಲು ಆಗಲೇ ಉತ್ತರ ಕೊಟ್ಟಿತ್ತು. ಅದರ ಮೇಲೆ ಸುತ್ತಿಗೆ ಬೇಕಿರಲಿಲ್ಲ.

ಮೊದಲ ವರ್ಷ 76 ಪಂದ್ಯ ಆಡಿದರು, ಚೆನ್ನಾಗಿಯೇ ಆಡಿದರು. ಎರಡನೇ ವರ್ಷ 38. ಮೂರನೇ ವರ್ಷ ಐದನೇ ಪಂದ್ಯದಲ್ಲಿ ಬಲಗಾಲಿನ ಮೂಳೆ ಮುರಿಯಿತು. ನಾಲ್ಕನೇ ವರ್ಷ ಒಂದೂ ಇಲ್ಲ. ಐದನೇ ವರ್ಷ 20. ಐದು ವರ್ಷಕ್ಕೆ ಒಟ್ಟು 139 ಪಂದ್ಯ. 1989ರಲ್ಲಿ ಅವರನ್ನು ನ್ಯೂಜರ್ಸಿಗೆ ಕೊಟ್ಟು ಬಕ್ ವಿಲಿಯಮ್ಸ್ ಅವರನ್ನು ತಂದರು. ಹಿರಿಯರು ಇಲ್ಲಿ ಬೆರಳೆತ್ತುತ್ತಾರೆ: “ವಿಲಿಯಮ್ಸ್ ಬಂದದ್ದರಿಂದಲೇ 1990ರಲ್ಲೂ 1992ರಲ್ಲೂ ನಾವು ಫೈನಲ್ ಆಡಿದ್ದು. ಬೂಯಿ ಇಲ್ಲದೆ ವಿಲಿಯಮ್ಸ್ ಎಲ್ಲಿಂದ ಬರುತ್ತಿದ್ದ?” ಮಾತು ನಿಜ. ಆದರೆ 1992ರ ಫೈನಲಿನಲ್ಲಿ ಎದುರಿಗೆ ನಿಂತಿದ್ದವರು ಜೋರ್ಡನ್. ಮೊದಲ ಪಂದ್ಯದ ಅರ್ಧ ಮುಗಿಯುವಷ್ಟರಲ್ಲಿ ಆರು ಬಾರಿ ಮೂರಂಕದ ಗುರಿ ಹೊಡೆದು 35 ಅಂಕ ಗಳಿಸಿ, ನನಗೂ ಗೊತ್ತಿಲ್ಲಪ್ಪ ಎಂಬಂತೆ ಭುಜ ಕುಣಿಸಿದರು. ಆ ಭುಜ ಕುಣಿಸಿದ ಚಿತ್ರ ಟಿವಿಯಲ್ಲಿ ಬಂದಾಗಲೆಲ್ಲ ಹಿರಿಯರು ಎದ್ದು ಅಡುಗೆಮನೆಗೆ ಹೋಗುತ್ತಾರೆ. ನಾನೇ ಎರಡು ಸಲ ನೋಡಿದ್ದೇನೆ.

ನನ್ನ ಕಣ್ಣು ಹೋಗುವುದು ಇನ್ನೊಂದು ಸಂಗತಿಯ ಕಡೆಗೆ. ಗಾರ್ಡ್ ಜಾಗ ತುಂಬಿದೆ ಎಂದು ಹೇಳಿದಾಗ ಡ್ರೆಕ್ಸ್ಲರ್ ಯಾರು? ಮೊದಲ ಋತುವಿನಲ್ಲಿ ಪಂದ್ಯಕ್ಕೆ 7.7 ಅಂಕ ಗಳಿಸಿದ್ದ ಎಳೆಯ. ಮುಂದೆ ಆತ ಮಹಾನ್ ಆಟಗಾರನಾದ, ನಿಜ, ಅದು ಆಗ ಯಾರಿಗೂ ಖಾತ್ರಿಯಿರಲಿಲ್ಲ. ಆಲ್‌ಸ್ಟಾರ್ ಪ್ಯಾಕ್ಸನ್? 1988ಕ್ಕೆ ತಂಡವೇ ಅವರನ್ನು ಬಾಸ್ಟನ್‌ಗೆ ದಾಟಿಸಿತು. ಯಾವ ಜಾಗ ತುಂಬಿದೆ ಎಂದು ಮೈಕೆಲ್ ಜೋರ್ಡನ್‌ರನ್ನು ಬಿಟ್ಟರೋ ಆ ಜಾಗ ನಾಲ್ಕೇ ವರ್ಷದಲ್ಲಿ ಅರ್ಧ ಖಾಲಿಯಾಯಿತು. ತಂಡದ ಜಾಗಗಳು ಹೋಟೆಲಿನ ಕುರ್ಚಿಗಳ ಹಾಗೆ. ಈಗ ತುಂಬಿರುತ್ತವೆ, ಒಂದು ಕಾಫಿ ಕುಡಿಯುವಷ್ಟರಲ್ಲಿ ಏಳುತ್ತಾರೆ. ಹತ್ತು ವರ್ಷ ಆಡಬಹುದಾದವನನ್ನು ಆ ಹೊತ್ತಿನ ಖಾಲಿ ಕುರ್ಚಿ ನೋಡಿ ಆರಿಸುವುದೇ ತಪ್ಪು ಎಂಬುದು ನನ್ನ ವಾದದ ಬೇರು. ಹಿರಿಯರು ಇದನ್ನು ಈ ಹೊತ್ತಿಗೂ ಒಪ್ಪಿಲ್ಲ.

ಓಡನ್ ವಿಷಯದಲ್ಲಿ ನಮ್ಮ ಪಾತ್ರಗಳು ಅದಲುಬದಲಾಗುತ್ತವೆ. ಹಿರಿಯರು ಪ್ರತಿ ಜೂನ್‌ನಲ್ಲಿ ನಾನು ಒಪ್ಪಬೇಕೆಂದು ಬಯಸುವುದು ಇದನ್ನೇ: ಓಡನ್ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ನಾನು ಬಂದ ವರ್ಷವೇ ಅದು. ಅಷ್ಟರಲ್ಲಿ ನಾಣ್ಯದ ಬದಲು ಸೋತ ತಂಡಗಳ ನಡುವೆ ಲಾಟರಿ ಎತ್ತುವ ಪದ್ಧತಿ ಬಂದಿತ್ತು. ಮೊದಲ ಸರದಿ ಪೋರ್ಟ್‌ಲೆಂಡಿಗೆ ಸಿಗುವ ಸಂಭವ ನೂರಕ್ಕೆ 5.3ರಷ್ಟು ಮಾತ್ರ ಇತ್ತು, ಆದರೂ ಲಾಟರಿ ಒಲಿಯಿತು. ನನಗೆ ಬ್ಯಾಸ್ಕೆಟ್‌ಬಾಲ್ ಕಾಲೇಜಿನಲ್ಲಿ ಆಡಿದಷ್ಟೇ ಗೊತ್ತಿತ್ತು, ಈ ಊರಿನ ಹೃದಯ ಗೊತ್ತಿರಲಿಲ್ಲ. ಡ್ರಾಫ್ಟಿನ ಮರುದಿನ ಸಂಜೆ ಮ್ಯಾಕ್ಸ್ ರೈಲಿನಲ್ಲಿ ನಗರದ ನಡುವಿನ ಪಯೋನಿಯರ್ ಚೌಕದ ಬಳಿ ಇಳಿದೆ. ಓಡನ್ ಬರುತ್ತಾರೆಂದು ಸೇರಿದ್ದ ಜನಸಾಗರದ ಬಿಸಿ ಆ ಇಟ್ಟಿಗೆ ಹಾಸಿನಲ್ಲಿ ಇನ್ನೂ ಆರಿರಲಿಲ್ಲ. ತಂದೆಯ ಹೆಗಲ ಮೇಲೆ ಕುಳಿತ ಒಂದು ಮಗುವಿನ ಕೈಯಲ್ಲಿ ಕೆಂಪು ಕಪ್ಪು ಕಾಗದದ ಬಾವುಟ, ಇನ್ನೊಂದು ಕೈಯಲ್ಲಿ ಕರಗಿ ಮೊಣಕೈವರೆಗೆ ಇಳಿದ ಐಸ್‌ಕ್ರೀಮು. ಅದನ್ನು ಒರೆಸುವುದು ಯಾರಿಗೂ ನೆನಪಿರಲಿಲ್ಲ. ಗುರುತಿಲ್ಲದ ಒಬ್ಬಾಕೆ ನನ್ನ ಕೈ ಹಿಡಿದು ಕುಲುಕಿ, “ಇನ್ನು ಹತ್ತು ವರ್ಷ ನಮ್ಮದೇ” ಎಂದರು. ಆ ಕ್ಷಣದಿಂದ ನಾನೂ ಈ ಊರಿನವನಾದೆ ಎನಿಸುತ್ತದೆ.

ಆ ದಿನ ಕಂಡದ್ದೇನು? ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಏಳಡಿ ಹುಡುಗ, 19 ವರ್ಷ. ಬಲ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾಗಿದ್ದರಿಂದ ಎದುರಾಳಿಯ ತಪ್ಪಿಗೆ ಸಿಗುವ ಅಡ್ಡಿಯಿಲ್ಲದ ಎಸೆತವಾದ ಫ್ರೀ ಥ್ರೋವನ್ನು ಎಡಗೈಯಲ್ಲಿ ಹಾಕುತ್ತಲೇ ತಂಡವನ್ನು ರಾಷ್ಟ್ರೀಯ ಫೈನಲಿಗೆ ಒಯ್ದು, ಅಲ್ಲಿ 25 ಅಂಕ, 12 ರಿಬೌಂಡ್, ಅಂದರೆ ಗುರಿ ತಪ್ಪಿ ಚಿಮ್ಮಿದ ಚೆಂಡಿನ 12 ಹಿಡಿತ, ಪಡೆದವನು. ಡ್ಯುರಾಂಟ್ ಕೂಡ ಅದ್ಭುತ. ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ ದೇಶದ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದವನು. ಆದರೆ ಡ್ರಾಫ್ಟಿಗೆ ಮುಂಚಿನ ಪರೀಕ್ಷೆಯಲ್ಲಿ ಮಲಗಿ 185 ಪೌಂಡ್ ಭಾರವನ್ನು ಒಂದು ಸಲವೂ ಎತ್ತಲಾಗದೆ ಹೋದ. ಕೂದಲೆಳೆಯಷ್ಟು ಅಂತರವಿದ್ದರೂ ಬಹುತೇಕ ತಂಡಗಳು ಓಡನ್‌ ಹೆಸರನ್ನೇ ಹೇಳುತ್ತಿದ್ದವು. ಮೊಣಕಾಲು ಮುರಿಯಲಿದೆ ಎಂಬ ಸುಳಿವು ಯಾರ ಕೈಯಲ್ಲಿತ್ತು? ಅವನ ಕೈಕಾಲುಗಳ ಚರಿತ್ರೆಯಲ್ಲಿ ಬೂಯಿಯ ಹಾಗೆ ಎರಡು ಖಾಲಿ ವರ್ಷಗಳಿರಲಿಲ್ಲ.

ಸೆಪ್ಟೆಂಬರ್ ಬರುವಷ್ಟರಲ್ಲಿ ಬಲ ಮೊಣಕಾಲಿಗೆ ಮೈಕ್ರೋಫ್ರಾಕ್ಚರ್ ಶಸ್ತ್ರಚಿಕಿತ್ಸೆ. ಮೃದ್ವಸ್ಥಿ ಸವೆದ ಕಡೆ ಮೂಳೆಗೆ ಸಣ್ಣ ಸಣ್ಣ ತೂತು ಕೊರೆದು, ಒಳಗಿನ ರಕ್ತ ಜಿನುಗಿ ಹೊಸ ಪದರ ಕಟ್ಟಲಿ ಎಂದು ಕಾಯುವ ಚಿಕಿತ್ಸೆ ಅದು. ಇಡೀ ಒಂದು ಋತು ಹೋಯಿತು. 2008ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಪಂದ್ಯ, ಅದರಲ್ಲೇ ಪಾದ ಉಳುಕಿತು. ಆ ವರ್ಷ 61 ಪಂದ್ಯ. ಮರುವರ್ಷ ಆಟ ಅರಳತೊಡಗಿತು. ಪಂದ್ಯಕ್ಕೆ 11 ಅಂಕ, ಎಂಟೂವರೆ ರಿಬೌಂಡ್, ಹೊಡೆದದ್ದರಲ್ಲಿ ನೂರಕ್ಕೆ ಅರವತ್ತು ಗುರಿಗೆ.

2009ರ ಡಿಸೆಂಬರ್ 5. ಹ್ಯೂಸ್ಟನ್ ಎದುರಿನ ಪಂದ್ಯ. ಹಿರಿಯರೂ ನಾನೂ ರೋಸ್ ಗಾರ್ಡನ್ ಕ್ರೀಡಾಂಗಣದ ಮೇಲಿನ ಸಾಲುಗಳಲ್ಲಿದ್ದೆವು. ಹಿಂದಿನ ದಿನವಷ್ಟೇ, ಗಾಯಾಳುಗಳು ಹೆಚ್ಚಾಗಿ ಅಭ್ಯಾಸಕ್ಕೆ ಜನ ಸಾಲದೆ, ಕೋಚ್ ನೇಟ್ ಮ್ಯಾಕ್‌ಮಿಲನ್ ತಾವೇ ಅಂಗಳಕ್ಕಿಳಿದು ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಿದ್ದರು. ಮೊದಲ ಕ್ವಾರ್ಟರಿನಲ್ಲೇ ಓಡನ್ ಎದುರಾಳಿಯ ಹೊಡೆತ ತಡೆಯಲು ನೆಗೆದರು. ಯಾರೂ ತಳ್ಳಲಿಲ್ಲ. ಇಳಿದಾಗ ಎಡಗಾಲು ಅವರ ಮಾತು ಕೇಳಲಿಲ್ಲ. ಇಪ್ಪತ್ತು ಸಾವಿರ ಜನ ಒಟ್ಟಿಗೆ ಉಸಿರು ಹಿಡಿದರೆ ಕ್ರೀಡಾಂಗಣದ ಗಾಳಿ ಯಂತ್ರಗಳ ಸದ್ದು ಕೇಳಿಸುತ್ತದೆ ಎಂದು ನನಗೆ ಅಂದು ಗೊತ್ತಾಯಿತು. ಹಿರಿಯರ ಕೈಯಲ್ಲಿ ಕಾಗದದ ಲೋಟವಿತ್ತು. ಅವರು ಅದನ್ನು ಹಿಚುಕಲಿಲ್ಲ, ಎಸೆಯಲಿಲ್ಲ, ನಿಧಾನವಾಗಿ ಬಗ್ಗಿ ಎರಡು ಪಾದಗಳ ನಡುವೆ ಇಟ್ಟರು. ಸ್ಟ್ರೆಚರ್ ಮೇಲೆ ಓಡನ್ ಹೊರಗೆ ಹೋಗುವವರೆಗೂ ಆ ಲೋಟವನ್ನೇ ನೋಡುತ್ತಿದ್ದರು. ಮಂಡಿಚಿಪ್ಪು ಒಡೆದಿತ್ತು. ಪೋರ್ಟ್‌ಲೆಂಡಿನ ಅಂಗಿಯಲ್ಲಿ ಅದೇ ಅವರ ಕೊನೆಯ ಪಂದ್ಯವಾಯಿತು.

61 ಮತ್ತು 21, ಒಟ್ಟು 82. ಒಂದು ಋತುವಿನಲ್ಲಿ ಒಂದು ತಂಡ ಆಡುವ ಪಂದ್ಯಗಳೂ 82. ಮೊದಲ ಸರದಿಯ ಆ ಹುಡುಗನಿಂದ ಐದು ವರ್ಷಗಳಲ್ಲಿ ಈ ಊರಿಗೆ ಸಿಕ್ಕಿದ್ದು, ಸೇರಿಸಿ ಹೊಲಿದರೆ, ಸರಿಯಾಗಿ ಒಂದು ಋತು. 2012ರ ಮಾರ್ಚ್‌ನಲ್ಲಿ ತಂಡ ಬಿಟ್ಟುಕೊಟ್ಟಿತು. ಡ್ಯುರಾಂಟ್ 2014ರಲ್ಲಿ ಲೀಗಿನ ಶ್ರೇಷ್ಠ ಆಟಗಾರರಾದರು, 2017 ಮತ್ತು 2018ರಲ್ಲಿ ಪಟ್ಟ ಗೆದ್ದರು.

ಇಲ್ಲಿನ ಪತ್ರಿಕೆಗಳು ಇಂಥವರಿಗೆ ‘ಬಸ್ಟ್’ ಎನ್ನುತ್ತವೆ, ನಿರೀಕ್ಷೆ ಹುಸಿ ಮಾಡಿದವನು ಎಂಬ ಅರ್ಥದಲ್ಲಿ. ನನಗೆ ಆ ಪದ ಕೇಳಿದರೆ ಸಿಟ್ಟು ಬರುತ್ತದೆ. ಸೋಮಾರಿಯಾಗಿ ಕೆಟ್ಟವನಿಗೂ ಮೂಳೆ ಮುರಿದು ಕೆಟ್ಟವನಿಗೂ ಒಂದೇ ಹೆಸರು. ಎನ್‌ಬಿಎ ಚರಿತ್ರೆಯ ಅತಿ ದೊಡ್ಡ ಬಸ್ಟ್ ಎಂದು ತನ್ನನ್ನು ನೆನಪಿಡುತ್ತಾರೆ ಎಂದು ಓಡನ್ ಸ್ವತಃ ಹೇಳಿಕೊಂಡ ದಿನ ನಾನು ಆ ಸುದ್ದಿಯನ್ನು ಅರ್ಧಕ್ಕೇ ನಿಲ್ಲಿಸಿದೆ. ಕುಡಿತ, ಖಿನ್ನತೆ ಎಲ್ಲವನ್ನೂ ದಾಟಿ ಅವರು ಹಳೆಯ ವಿಶ್ವವಿದ್ಯಾಲಯಕ್ಕೆ ಮರಳಿ 2019ರಲ್ಲಿ ಪದವಿ ಮುಗಿಸಿದರು, ಆಮೇಲೆ ತಮ್ಮ ಹಳೆಯ ಕೋಚ್ ಜೊತೆ ಬಟ್ಲರ್ ವಿಶ್ವವಿದ್ಯಾಲಯದ ತಂಡದಲ್ಲಿ ಕೆಲಸಕ್ಕೆ ಸೇರಿದರು.

ಇಷ್ಟನ್ನೂ ಹೇಳಿ, ಆ ದಿನದ ತಿಳಿವಳಿಕೆಯಲ್ಲಿ ಓಡನ್ ಸರಿಯಾದ ಆಯ್ಕೆ ಎಂದರೆ ಹಿರಿಯರು ತಲೆಯಾಡಿಸುತ್ತಾರೆ. ಒಂದು ವರ್ಷ ಅವರು ಹೇಳಿದ ಮಾತು ನನ್ನಲ್ಲಿ ಉಳಿದಿದೆ. “ನೀನು ಆರಿಸಿದವರ ಬುದ್ಧಿಯನ್ನು ತೂಗುತ್ತೀಯ. ನಾನು ಕಳೆದುಹೋದ ಸಂಜೆಗಳನ್ನು ಎಣಿಸುತ್ತೇನೆ. ಬೂಯಿ ಬಂದಾಗ ನನಗೆ 26. ಹೋದರೆ ಹೋಯಿತು, ಇನ್ನೊಬ್ಬ ಬರುತ್ತಾನೆ ಎನ್ನುವ ವಯಸ್ಸು. ಓಡನ್ ಬಂದಾಗ 49.” ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಾವಿಬ್ಬರೂ ‘ಕೆಟ್ಟ’ ಎಂಬ ಒಂದೇ ಪದವನ್ನು ಇಟ್ಟುಕೊಂಡು ಎರಡು ಬೇರೆ ಸಂಗತಿ ಮಾತನಾಡುತ್ತಿದ್ದೆವು.

ಹಾಗಾದರೆ ನನ್ನ ಲೆಕ್ಕದಲ್ಲಿ ಅತಿ ಕೆಟ್ಟದ್ದು ಯಾವುದು? ಬೂಯಿಯೂ ಅಲ್ಲ. ಯಾವ ಟಿವಿ ಕಾರ್ಯಕ್ರಮದ ಪಟ್ಟಿಯಲ್ಲೂ ಅಷ್ಟಾಗಿ ಕಾಣದ 2005.

ಆ ವರ್ಷ ಪೋರ್ಟ್‌ಲೆಂಡಿನ ಕೈಯಲ್ಲಿ ಮೂರನೇ ಸರದಿ ಇತ್ತು. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಕ್ರಿಸ್ ಪಾಲ್ ಇನ್ನೂ ಯಾರ ಪಾಲಿಗೂ ಹೋಗಿರಲಿಲ್ಲ. ಕಾಲು ನೆಟ್ಟಗಿತ್ತು, ಆಟ ಎಲ್ಲರ ಕಣ್ಣೆದುರಿಗಿತ್ತು. ಪೋರ್ಟ್‌ಲೆಂಡ್ ಆ ಸರದಿಯನ್ನು ಯೂಟಾಗೆ ಬಿಟ್ಟುಕೊಟ್ಟು ಆರನೇ ಸರದಿ ಮತ್ತು ಇನ್ನೆರಡು ಕೆಳಗಿನ ಸರದಿಗಳನ್ನು ಪಡೆಯಿತು. ಯೂಟಾ ಡೆರಾನ್ ವಿಲಿಯಮ್ಸ್ ಅವರನ್ನು ಆರಿಸಿತು, ನಾಲ್ಕನೆಯವರಾಗಿ ಪಾಲ್ ನ್ಯೂ ಆರ್ಲಿಯನ್ಸ್‌ಗೆ ಹೋದರು. ಪೋರ್ಟ್‌ಲೆಂಡ್ ಆರನೆಯವರಾಗಿ ಹೈಸ್ಕೂಲಿನಿಂದ ನೇರ ಬಂದ ಮಾರ್ಟೆಲ್ ವೆಬ್‌ಸ್ಟರ್ ಅವರನ್ನು ಆರಿಸಿತು. ಪಾಲ್ ಮರುವರ್ಷವೇ ಶ್ರೇಷ್ಠ ಹೊಸ ಆಟಗಾರ. ಇಂದು ಲೀಗಿನ ಚರಿತ್ರೆಯಲ್ಲಿ ಅಸಿಸ್ಟ್‌ಗಳ, ಅಂದರೆ ಜೊತೆಗಾರನ ಗುರಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳ, ಲೆಕ್ಕದಲ್ಲಿ ಅವರಿಗಿಂತ ಮುಂದಿರುವವರು ಜಾನ್ ಸ್ಟಾಕ್ಟನ್ ಒಬ್ಬರೇ.

ಏಕೆ ಬಿಟ್ಟರು? ಪಾಲ್ ಆಡುವ ಪಾಯಿಂಟ್ ಗಾರ್ಡ್ ಜಾಗ, ಅಂದರೆ ತಂಡದ ಆಟವನ್ನು ನಡೆಸುವವನ ಜಾಗ, ತುಂಬಿತ್ತಂತೆ. ಹಿಂದಿನ ವರ್ಷವಷ್ಟೇ ಸೆಬಾಸ್ಟಿಯನ್ ಟೆಲ್‌ಫೇರ್ ಎಂಬ ಹೈಸ್ಕೂಲು ಹುಡುಗನನ್ನು 13ನೇ ಸರದಿಯಲ್ಲಿ ತಂದಿದ್ದರು, ಅವನೇ ನಾಳಿನ ನಾಯಕ ಎಂದುಕೊಂಡಿದ್ದರು. ಒಂದೇ ವರ್ಷದಲ್ಲಿ, 2006ರ ಡ್ರಾಫ್ಟಿನ ಹೊತ್ತಿಗೆ, ಆ ಟೆಲ್‌ಫೇರ್‌ನನ್ನೂ ಬಾಸ್ಟನ್‌ಗೆ ಕೊಟ್ಟರು. ಇಪ್ಪತ್ತೊಂದು ವರ್ಷ ಕಳೆದು, ಬೇರೆ ಅಧಿಕಾರಿಗಳು, ಬೇರೆ ಕೋಚ್, ಆದರೂ 1984ರದೇ ಮಾತು ಅಕ್ಷರ ತಪ್ಪದೆ ಮರುಕಳಿಸಿತ್ತು. 1984ರಲ್ಲಿ ಕಾಲಿನ ಗಾಯ ಸೇರಿಕೊಂಡು ಕಥೆ ಕಲಸಿಹೋಯಿತು. ಜನ ವೈದ್ಯರನ್ನೋ ವಿಧಿಯನ್ನೋ ಬೈದರು. 2005ರಲ್ಲಿ ಬೈಯಲು ಗಾಯವೇ ಇಲ್ಲ. ತಪ್ಪು ಸಿಪ್ಪೆ ಸುಲಿದಂತೆ ಬೆತ್ತಲೆ ನಿಂತಿದೆ. ಅದಕ್ಕೇ ಅದನ್ನು ನಾನು ಮೊದಲಿಗೆ ಇಡುತ್ತೇನೆ.

ಟೆಲ್‌ಫೇರ್‌ನನ್ನು ಕೊಟ್ಟು ಬಂದ ಸರದಿಯಿಂದಲೇ, ಇನ್ನೊಂದು ಅದಲುಬದಲಿನ ದಾರಿಯಾಗಿ, ಬ್ರಾಂಡನ್ ರಾಯ್ ಬಂದರು ಎಂಬುದನ್ನೂ ಹೇಳಬೇಕು. 2011ರ ಏಪ್ರಿಲಿನಲ್ಲಿ ಡಲ್ಲಾಸ್ ಎದುರು 23 ಅಂಕ ಹಿಂದಿದ್ದ ಪಂದ್ಯವನ್ನು, ಮೃದ್ವಸ್ಥಿಯೇ ಉಳಿಯದ ಮೊಣಕಾಲುಗಳ ಮೇಲೆ ನಿಂತು, ಕೊನೆಯ ಕ್ವಾರ್ಟರಿನಲ್ಲಿ 18 ಅಂಕ ಹೊಡೆದು ಅವರು ಗೆಲ್ಲಿಸಿದ ರಾತ್ರಿ ಹಿರಿಯರು ಬೇಲಿ ದಾಟಿ ಬಂದು ನಮ್ಮ ಬಾಗಿಲು ಬಡಿದಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಸ್ಟೂ ಇನ್ಮನ್ ಅವರ ಬಗ್ಗೆಯೂ ಒಂದು ಮಾತು. 1977ರ ತಂಡವನ್ನು ಕಟ್ಟಿದವರಲ್ಲಿ ಪ್ರಮುಖರು ಅವರೇ. ಡ್ರೆಕ್ಸ್ಲರ್‌ನನ್ನು 14ನೇ ಸರದಿಯಲ್ಲಿ ಹೆಕ್ಕಿದ್ದೂ ಅವರ ಕಾಲದಲ್ಲೇ. ಬೂಯಿಯನ್ನು ಆರಿಸಿದ ಅದೇ ದಿನ 46ನೇ ಸರದಿಯಲ್ಲಿ ತಂದ ಜೆರೋಮ್ ಕರ್ಸಿ ಮುಂದೆ ಈ ಊರಿನ ಕಣ್ಮಣಿಯಾದರು. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರು ಬಂದರೆ ಎಲ್ಲರೂ ಆ ಒಂದು ಮಧ್ಯಾಹ್ನವನ್ನೇ ಹೇಳುತ್ತಾರೆ. 2007ರ ಜನವರಿಯಲ್ಲಿ ಅವರು ತೀರಿಕೊಂಡರು. ಓಡನ್ ಬಂದದ್ದನ್ನು ಅವರು ನೋಡಲಿಲ್ಲ.

2023ರ ಜೂನ್‌ನಲ್ಲಿ ಪೋರ್ಟ್‌ಲೆಂಡಿಗೆ ಮತ್ತೆ ಮೂರನೇ ಸರದಿ ಬಂತು. ಪಾಯಿಂಟ್ ಗಾರ್ಡ್ ಜಾಗದಲ್ಲಿ ಹನ್ನೊಂದು ವರ್ಷದಿಂದ ಡೇಮಿಯನ್ ಲಿಲರ್ಡ್, ಈ ಊರಿನ ಉಸಿರು. ತಂಡ ಆರಿಸಿದ್ದು ಸ್ಕೂಟ್ ಹೆಂಡರ್ಸನ್, ಇನ್ನೊಬ್ಬ ಪಾಯಿಂಟ್ ಗಾರ್ಡ್. ತುಂಬಿದ ಕುರ್ಚಿಯನ್ನು ನೋಡದೆ ಆಟಗಾರನನ್ನು ನೋಡಿದ್ದರು. ನಾನು ವರ್ಷಗಟ್ಟಲೆ ಬೇಲಿಯ ಮೇಲೆ ಕೈಯೂರಿ ಕೇಳಿದ್ದೂ ಅದನ್ನೇ. ಒಂಬತ್ತೇ ದಿನಗಳಲ್ಲಿ ಲಿಲರ್ಡ್ ತಮ್ಮನ್ನು ಬೇರೆ ತಂಡಕ್ಕೆ ಕಳಿಸಿ ಎಂದರು, ಸೆಪ್ಟೆಂಬರಿನಲ್ಲಿ ಹೋಗಿಯೂ ಬಿಟ್ಟರು. ಹೆಂಡರ್ಸನ್ ಹಿಂದೆಯೇ ನಾಲ್ಕನೆಯವನಾಗಿ ಹ್ಯೂಸ್ಟನ್‌ಗೆ ಹೋದ ಏಮನ್ ಥಾಮ್ಸನ್ ಚಿಗುರಿದ ಪರಿಯನ್ನು ಕಂಡು ಇಲ್ಲಿನ ಜನ ಮತ್ತೆ ಕೈ ಹಿಸುಕಿಕೊಳ್ಳತೊಡಗಿದರು.

ಮರುವರ್ಷ ಜೂನ್‌ನಲ್ಲಿ ಹಿರಿಯರು ಕತ್ತರಿ ಕೆಳಗಿಡುವ ಮೊದಲೇ ಕೇಳಿದರು: “ಈಗ ಹೇಳು. ಇದೂ ಸರಿಯೇ?”

“ಆ ದಿನ ನಾನಿದ್ದರೂ ಹೆಂಡರ್ಸನ್ ಹೆಸರನ್ನೇ ಹೇಳುತ್ತಿದ್ದೆ” ಎಂದೆ.

“ಲಿಲರ್ಡ್ ಹೋದರೂ?”

ನಾನು ತಡವರಿಸಿದೆ. ಹೌದು ಎಂದು ಹೇಳಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹಿರಿಯರು ನಗಲಿಲ್ಲ. ಬೇಲಿಯ ಮೇಲಿಂದ ಒಂದು ಕೆಂಪು ಗುಲಾಬಿ ಚಾಚಿ, “ಮನೆಯವರಿಗೆ ಕೊಡು, ಮುಳ್ಳು ತೆಗೆದಿಲ್ಲ, ನೋಡಿಕೋ” ಎಂದು ಮತ್ತೆ ಗಿಡದ ಕಡೆಗೆ ಬಗ್ಗಿದರು.